ಮುಟ್ಟು ನಿಲ್ಲುವ ಹೊತ್ತಿನಲ್ಲಿ ಚರ್ಮದ ಆರೈಕೆ: ನೀವು ಏನೇನು ಬದಲಾಯಿಸಿದಿರಿ?

ನನಗೀಗ 48. ಈಚೆಗೆ ಮುಟ್ಟು ತನಗೆ ತೋಚಿದಾಗ ಬರುತ್ತದೆ, ಹೋಗುತ್ತದೆ. ಅದನ್ನು ಹೇಗೋ ಸಂಭಾಳಿಸುತ್ತಿದ್ದೇನೆ, ಆದರೆ ಮುಖದ ಚರ್ಮ ಮಾತ್ರ ಪೂರ್ತಿ ಬೇರೆಯವರದ್ದೇನೋ ಅನ್ನಿಸುತ್ತಿದೆ. ಮೊದಲೆಲ್ಲ ಮಧ್ಯಾಹ್ನದ ಹೊತ್ತಿಗೆ ಮೂಗು, ಹಣೆ ಎಣ್ಣೆ ಜಿಡ್ಡು. ಈಗ ಮುಖ ತೊಳೆದು ಒರೆಸಿಕೊಳ್ಳುವಷ್ಟರಲ್ಲಿ ಕೆನ್ನೆ ಬಿಗಿದುಕೊಳ್ಳುತ್ತದೆ, ಮೂಗಿನ ಪಕ್ಕ ಹೊಟ್ಟು ಏಳುತ್ತದೆ. ಸಾಲದ್ದಕ್ಕೆ ಗದ್ದದ ಮೇಲೆ ಮೊಡವೆ! ಎಷ್ಟೋ ವರ್ಷಗಳಿಂದ ಹಚ್ಚುತ್ತಿದ್ದ ಕ್ರೀಮೇ ಈಗ ಚುರುಚುರು ಅನ್ನುತ್ತದೆ. ಇದನ್ನು ದಾಟಿ ಬಂದವರು ಏನು ಬಿಟ್ಟಿರಿ, ಏನು ಹಿಡಿದಿರಿ, ಯಾವುದಕ್ಕೆ ಕೊಟ್ಟ ದುಡ್ಡು ದಂಡ? ದಯವಿಟ್ಟು ಹೇಳಿ.

* * *

ಒಣಗುವುದು, ಮೊಡವೆ ಏಳುವುದು ಎರಡೂ ಒಟ್ಟಿಗೇ ಬರುವುದು ಈ ವಯಸ್ಸಿನಲ್ಲಿ ಮಾಮೂಲು. ಮೊಡವೆ ಕಂಡಿತು ಅಂತ ಹುಡುಗಿಯರು ಬಳಸುವ ಜೋರು ಫೇಸ್ ವಾಶ್ ಮಾತ್ರ ತರಬೇಡಿ. ಅದು ಎಣ್ಣೆಮುಖಕ್ಕೆ ಮಾಡಿದ್ದು. ನಿಮ್ಮ ಮುಖದಲ್ಲಿ ಈಗ ತೆಗೆಯುವಷ್ಟು ಎಣ್ಣೆಯೇ ಇಲ್ಲ.

ನನ್ನ ಅನುಭವದಲ್ಲಿ ಹೊಸದಾಗಿ ಸೇರಿಸಿದ್ದಕ್ಕಿಂತ ಬಿಟ್ಟದ್ದೇ ಹೆಚ್ಚು ಕೆಲಸ ಮಾಡಿತು. ಸ್ಕ್ರಬ್, ಸ್ಪಿರಿಟ್ ವಾಸನೆಯ ಟೋನರ್, ಮುಖಕ್ಕೆ ಸೋಪು, ಎಲ್ಲ ನಿಂತವು. ಸಾಮಾನ್ಯ ಸೋಪಿನ ಪಿಎಚ್ (ಹುಳಿ-ಕ್ಷಾರದ ಅಳತೆ) 9ರಿಂದ 10, ನಮ್ಮ ಚರ್ಮದ್ದು 5ರ ಆಸುಪಾಸು. ಹರೆಯದಲ್ಲಿ ಚರ್ಮ ಆ ಪೆಟ್ಟನ್ನು ಬೇಗ ಸುಧಾರಿಸಿಕೊಳ್ಳುತ್ತದೆ, ಈಗ ನಿಧಾನ. ಬೆಳಗ್ಗೆ ಬರೀ ನೀರು. ಸಂಜೆ ಮಾತ್ರ ನೊರೆ ಬಾರದ, ಲೋಷನ್ ಥರದ ಕ್ಲೆನ್ಸರ್.

ಇನ್ನು ಹಚ್ಚುವ ರೀತಿ. ಟವಲಿನಿಂದ ಉಜ್ಜಬೇಡಿ, ಒತ್ತಿ ತೆಗೆಯಿರಿ. ಕೆನ್ನೆ ಮುಟ್ಟಿದರೆ ಬೆರಳಿಗೆ ಇನ್ನೂ ತಣ್ಣಗೆ ಹಸಿ ತಾಗಬೇಕು, ಆಗಲೇ ಮಾಯಿಶ್ಚರೈಸರ್ ಹಚ್ಚಬೇಕು. ಮೊದಲು ಕೆನ್ನೆ, ಬಾಯಿಯ ಸುತ್ತ, ಕತ್ತು. ಕೈಯಲ್ಲಿ ಉಳಿದದ್ದು ಹಣೆ, ಮೂಗಿಗೆ ಸಾಕು. ಕೈಗಳ ಹಿಂಭಾಗವನ್ನು ಮರೆಯಬೇಡಿ, ವಯಸ್ಸು ಮೊದಲು ಬಾಯಿಬಿಡುವುದು ಅಲ್ಲೇ. ಡಬ್ಬಿಯ ಹಿಂದೆ ಗ್ಲಿಸರಿನ್, ಸಿರಾಮೈಡ್ ಇದೆಯಾ ನೋಡಿ. ಘಮಘಮ ಅನ್ನುವುದನ್ನು ಅಲ್ಲೇ ಬಿಟ್ಟು ಬನ್ನಿ. ಮುಂದೆ ದೊಡ್ಡದಾಗಿ ಬರೆದ ‘ಆ್ಯಂಟಿ ಏಜಿಂಗ್’ ಓದಿ ದುಡ್ಡು ಕೊಡುವುದನ್ನು ನಾನಂತೂ ಬಿಟ್ಟಿದ್ದೇನೆ.

* * *

ಚರ್ಮರೋಗ ವಿಭಾಗದಲ್ಲಿ ಬಹಳ ಕಾಲ ನರ್ಸ್ ಆಗಿದ್ದವಳು ನಾನು, ಮುಟ್ಟು ನಿಂತು ಕೆಲವು ವರ್ಷ ಆಯಿತು. ಹೀಗೇಕಾಗುತ್ತದೆ ಅಂತ ಗೊತ್ತಿದ್ದರೆ ಅಂಗಡಿಯಲ್ಲಿ ಯಾಮಾರುವುದು ಕಡಿಮೆ. ಹೆಣ್ಣು ಹಾರ್ಮೋನು ಈಸ್ಟ್ರೋಜನ್ ಇಳಿದಂತೆ ಎಣ್ಣೆ ಗ್ರಂಥಿಗಳು ಸುಸ್ತಾಗುತ್ತವೆ, ಚರ್ಮ ನೀರು ಹಿಡಿದಿಡುವ ಶಕ್ತಿ ಕಳೆದುಕೊಳ್ಳುತ್ತದೆ. ಮುಟ್ಟು ನಿಂತ ಮೊದಲ 5 ವರ್ಷಗಳಲ್ಲಿ ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನು ಕಾಲಜನ್ ಸುಮಾರು 30% ಇಳಿಯುತ್ತದೆ, ಆಮೇಲೆ ವರ್ಷಕ್ಕೆ ಸುಮಾರು 2% ಅಂತ ಲೆಕ್ಕ. ಗಂಡು ಹಾರ್ಮೋನು ನಮ್ಮ ಮೈಯಲ್ಲೂ ಇರುತ್ತದೆ. ಅದು ಅಷ್ಟು ಬೇಗ ಇಳಿಯುವುದಿಲ್ಲ, ಹಾಗಾಗಿ ಅದರದ್ದೇ ಮೇಲುಗೈ. ಗದ್ದದ ಮೊಡವೆ ಅಲ್ಲಿಂದ ಬಂದದ್ದು.

ಸುಕ್ಕಿಗೆ ಹಚ್ಚುವ, ವಿಟಮಿನ್ ಎ ಜಾತಿಯ ರೆಟಿನಾಲ್ ವಿಷಯ ಯಾರಾದರೂ ಎತ್ತೇ ಎತ್ತುತ್ತಾರೆ, ನಾನೇ ಹೇಳಿಬಿಡುತ್ತೇನೆ. ಒಳ್ಳೆಯದೇ, ಆದರೆ ಈಗಲೇ ಬೇಡ. ಉರಿ ಇರುವ ಮುಖಕ್ಕೆ ರೆಟಿನಾಲ್ ಹಚ್ಚಿದರೆ ಗಾಯಕ್ಕೆ ಉಪ್ಪು ಸವರಿದಂತೆ. ಮೇಲೆ ಹೇಳಿದ ಹಾಗೆ ಮೊದಲು ಚರ್ಮ ತಣ್ಣಗಾಗಲಿ. ಆಮೇಲೆ ಕಡಿಮೆ ಶಕ್ತಿಯದ್ದು, ಬಟಾಣಿ ಕಾಳಿನಷ್ಟು, ವಾರಕ್ಕೆ 2 ರಾತ್ರಿ, ಮಾಯಿಶ್ಚರೈಸರ್ ಹಚ್ಚಿದ ಮೇಲೆ. ಕಣ್ಣಿನ ಕೊನೆ, ಮೂಗಿನ ಸಂದು, ತುಟಿಯ ಅಂಚು ಬಿಡಬೇಕು. ಫಲ ಕಾಣಲು 3ರಿಂದ 6 ತಿಂಗಳು ಬೇಕು. 15 ದಿನಕ್ಕೆ ಕನ್ನಡಿ ನೋಡಿ ಬೇಸರಪಡುವವರು ಶುರು ಮಾಡದಿರುವುದೇ ವಾಸಿ.

ಇನ್ನೊಂದು ಮುಖ್ಯ ಮಾತು, ಇದನ್ನು ಯಾರೂ ಹೇಳುವುದಿಲ್ಲ. ನಿಮಗೆ ಮುಟ್ಟು ಇನ್ನೂ ನಿಂತಿಲ್ಲ. ಸತತ 12 ತಿಂಗಳು ಬಾರದಿದ್ದರೆ ಮಾತ್ರ ನಿಂತಿತು ಅನ್ನಬಹುದು, ಅಲ್ಲಿಯವರೆಗೆ ಬಸಿರಾಗುವ ಸಾಧ್ಯತೆ ಇದ್ದೇ ಇದೆ. ಬಸುರಿನಲ್ಲಿ ರೆಟಿನಾಲ್, ಅದೇ ಜಾತಿಯ ಇನ್ನೂ ಜೋರಾದ ಟ್ರೆಟಿನಾಯಿನ್ ಕೂಡದು. ಮೊಡವೆಗೆ ಅಜೆಲಾಯಿಕ್ ಆ್ಯಸಿಡ್ ಇದೆ. ಅದು ಸೌಮ್ಯ, ಕಲೆಗೂ ಆಗುತ್ತದೆ, ಬಸುರಿನಲ್ಲೂ ಹಚ್ಚಬಹುದು. ಏನೇ ತಂದರೂ ಒಮ್ಮೆಗೆ ಒಂದೇ. ಮೊಣಕೈ ಒಳಭಾಗದಲ್ಲಿ ಕೆಲವು ದಿನ ಹಚ್ಚಿ ನೋಡಿ, ಆಮೇಲೆ ಮುಖಕ್ಕೆ. ನಾಲ್ಕು ಬಾಟಲಿ ಒಟ್ಟಿಗೆ ಶುರು ಮಾಡಿದರೆ ಉರಿ ಯಾವುದರದ್ದು ಅಂತ ಬ್ರಹ್ಮನಿಗೂ ಗೊತ್ತಾಗುವುದಿಲ್ಲ.

* * *

ಮೊಡವೆ ಜೊತೆಗೆ ಗದ್ದದಲ್ಲಿ ಒಂದೆರಡು ಗಡುಸು ಕೂದಲು ಬಂದರೆ ಗಾಬರಿಯಾಗಬೇಡಿ, ಇದೂ ಅದೇ ಹಾರ್ಮೋನಿನ ಆಟ. ಚಿಮುಟದಿಂದ ಕಿತ್ತರೆ ದಪ್ಪವಾಗಿ ಬರುತ್ತದೆ ಅನ್ನುವುದು ಸುಳ್ಳು. ಲೇಸರ್ ಕಪ್ಪು ಕೂದಲಿಗೆ ಮಾತ್ರ, ನೆರೆತದ್ದಕ್ಕೆ ಕರೆಂಟಿನಿಂದ ಕೂದಲ ಬುಡ ಸುಡುವ ಎಲೆಕ್ಟ್ರಾಲಿಸಿಸ್ಸೇ ಆಗಬೇಕು. ರೆಟಿನಾಲ್ ಹಚ್ಚುವ ಮುಖಕ್ಕೆ ವ್ಯಾಕ್ಸ್ ಮಾಡಿಸಬೇಡಿ, ಚರ್ಮ ಕಿತ್ತು ಬರುತ್ತದೆ. ಕೂದಲು ಇದ್ದಕ್ಕಿದ್ದಂತೆ ತುಂಬಾ ಬಂದು ಧ್ವನಿಯೂ ಗಡಸಾದರೆ ಡಾಕ್ಟರ ಹತ್ತಿರ ಹೋಗಲೇಬೇಕು.

* * *

ನನ್ನ ತಾಪತ್ರಯ ಬೇರೆ, ಹಾಟ್ ಫ್ಲ್ಯಾಶ್. ಎದೆಯಿಂದ ಬಿಸಿ ಏರಿ ಕಿವಿಯ ತನಕ ಕೆಂಪು, ಆಮೇಲೆ ಬೆವರು, ಆಮೇಲೆ ಚಳಿ. ದಪ್ಪ ಕ್ರೀಮು ಹಚ್ಚಿ ಮಲಗಿದ ರಾತ್ರಿ ಅದೆಲ್ಲ ದಿಂಬಿಗೆ. ಹಗುರವಾದ ಜೆಲ್ ಕ್ರೀಮು ಎರಡು ಪದರ ಹಚ್ಚುವುದು ನನಗೆ ಒಗ್ಗಿತು. ದಪ್ಪ ಕ್ರೀಮು ಕಾಲಿಗೆ, ಕೈಗೆ. ‘ಕೂಲಿಂಗ್’ ಅಂತ ಮಾರುವ ಮೆಂಥಾಲ್ ಸ್ಪ್ರೇ ಒಂದು ಗಳಿಗೆ ಹಿತ, ಆಮೇಲೆ ಉರಿ. ಬರೀ ನೀರಲ್ಲಿ ಅದ್ದಿದ ಬಟ್ಟೆಯೇ ಮೇಲು.

ಫ್ಲ್ಯಾಶ್ ಇಳಿದ ಮೇಲೂ ಕೆನ್ನೆ, ಮೂಗು ಕೆಂಪಾಗಿಯೇ ಉಳಿದು, ಸಣ್ಣ ಗುಳ್ಳೆ ಅಥವಾ ಕೆಂಪು ನರದ ಎಳೆ ಕಂಡರೆ ಅದು ರೊಸೇಶಿಯಾ ಅನ್ನುವ ಚರ್ಮದ ತೊಂದರೆ ಇರಬಹುದು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣದೆ ಬಿಸಿ, ಚುಚ್ಚಿದಂತಹ ಉರಿ ಮಾತ್ರ ಇರುವುದೂ ಉಂಟು. ಅದನ್ನು ಮೊಡವೆ ಅಂದುಕೊಂಡು ಮೊಡವೆ ಮುಲಾಮು ಹಚ್ಚುತ್ತಾ ಕೂತರೆ ಇನ್ನಷ್ಟು ಕೆರಳುತ್ತದೆ.

* * *

ಬಂಗು ಇದ್ದವರು ಸನ್‌ಸ್ಕ್ರೀನ್ ಬಿಟ್ಟು ಬೇರೆ ಏನು ಹಚ್ಚಿದರೂ ನೀರಲ್ಲಿ ಹೋಮ. ಎಸ್‌ಪಿಎಫ್ 30 ಅಥವಾ ಹೆಚ್ಚು. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಬೇಕು, ಹೊರಗಿದ್ದರೆ 2 ಗಂಟೆಗೊಮ್ಮೆ ಮತ್ತೆ. ಕಿಟಕಿ ಗಾಜು ಬಿಸಿಲಿನ ಯುವಿಎ ಕಿರಣವನ್ನು ಪೂರ್ತಿ ತಡೆಯುವುದಿಲ್ಲ. ಬರಿಗಣ್ಣಿಗೆ ಕಾಣುವ ಬೆಳಕೂ ಬಂಗು ಹೆಚ್ಚಿಸುತ್ತದೆ, ಅದಕ್ಕೆ ಐರನ್ ಆಕ್ಸೈಡ್ ಇರುವ, ಮೈಬಣ್ಣದ ಛಾಯೆಯ ಸನ್‌ಸ್ಕ್ರೀನ್ ಮೇಲು.

ಗೆಳತಿಗೆ ಒಗ್ಗಿತು ಅಂತ ‘ಬೆಳ್ಳಗಾಗುವ’ ಟ್ಯೂಬ್ ತಂದು ಹಚ್ಚಬೇಡಿ, ಕೈಮುಗಿದು ಹೇಳುತ್ತೇನೆ. ಅಂಥ ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲ ವಾರ ಮುಖ ಹೊಳೆಯುತ್ತದೆ. ದಿನಾ ಹಚ್ಚುತ್ತಾ ಹೋದರೆ ಚರ್ಮ ತೆಳುವಾಗುತ್ತದೆ, ಕೂದಲು ಬರುತ್ತದೆ, ಬಿಟ್ಟ ಕೂಡಲೇ ಉರಿದೇಳುತ್ತದೆ. ಈ ವಯಸ್ಸಿನಲ್ಲಿ ಚರ್ಮ ಮೊದಲೇ ತೆಳು.

* * *

ತಂಗೀ, ಎಲ್ಲರೂ ಮುಖದ್ದೇ ಹೇಳಿದರು. ಮೈ ಕಡೆಗೂ ನೋಡಿಕೋ. ನನಗೆ ಮೊಣಕಾಲಿನ ಕೆಳಗೆ ಮೀನಿನ ಪೊರೆಯ ಹಾಗೆ ಆಗಿತ್ತು, ರಾತ್ರಿಯೆಲ್ಲ ಕೆರೆತ. ಸ್ನಾನದ ನೀರು ಉಗುರುಬೆಚ್ಚಗಿರಲಿ, 10 ನಿಮಿಷದೊಳಗೆ ಮುಗಿಸು. ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ. ಕಾಲಿಗೆ 10% ಯೂರಿಯಾ ಇರುವ ಕ್ರೀಮು ಹಚ್ಚು, ಬಿರುಕಿದ್ದ ಕಡೆ ಚುರುಗುಟ್ಟುತ್ತದೆ, ಅಲ್ಲಿಗೆ ಪೆಟ್ರೋಲಿಯಂ ಜೆಲ್ಲಿ ಸಾಕು. ಇಷ್ಟೆಲ್ಲ ಮಾಡಿಯೂ ಗುಳ್ಳೆ, ಗಂದೆ ಏನೂ ಇಲ್ಲದೆ ಮೈಯೆಲ್ಲ ತುರಿಸಿದರೆ ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಿರಬೇಡ. ಥೈರಾಯ್ಡ್, ಸಕ್ಕರೆ, ಕಬ್ಬಿಣದಂಶ, ಲಿವರ್, ಕಿಡ್ನಿ ಎಲ್ಲ ಪರೀಕ್ಷೆ ಮಾಡಿಸಿಕೋ.

ಹೇಳಲು ನಾಚಿಕೆಪಡುವ ಜಾಗದ ಮಾತೂ ಆಡಿಬಿಡುತ್ತೇನೆ. ಅಲ್ಲಿಯ ಚರ್ಮವೂ ಒಣಗುತ್ತದೆ, ಉರಿಯುತ್ತದೆ, ಮೂತ್ರ ಹೋದರೆ ಚುರುಕ್ ಅನ್ನುತ್ತದೆ. ಸೋಪು, ‘ಇಂಟಿಮೇಟ್ ವಾಶ್’ ಯಾವುದೂ ಬೇಡ, ನೀರು ಸಾಕು. ಅದಕ್ಕೆಂದೇ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮು ಇದೆ, ಡಾಕ್ಟರು ಬರೆದುಕೊಡುತ್ತಾರೆ. ಬಿಳಿ ಮಚ್ಚೆ ಕಂಡರೆ ತೋರಿಸು. ಮುಟ್ಟು ಪೂರ್ತಿ ನಿಂತ ಮೇಲೆ ಒಂದು ತೊಟ್ಟು ರಕ್ತ ಕಂಡರೂ ತಡಮಾಡಬೇಡ.

* * *

ಎಲ್ಲರಿಗೂ ವಂದನೆ. ಟೋನರು, ಸ್ಕ್ರಬ್ಬು ಇವತ್ತೇ ಎತ್ತಿಟ್ಟೆ. ಇನ್ನೆರಡು ಕೇಳಲೇ? ಹಾರ್ಮೋನ್ ಚಿಕಿತ್ಸೆ ತೆಗೆದುಕೊಂಡರೆ ಚರ್ಮ ಸರಿಹೋಗುತ್ತಾ? ಕೂದಲು, ಉಗುರಿಗೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದೇನೆ, ಅದರಿಂದ ಏನಾದರೂ ತೊಂದರೆಯಾ?

* * *

ಮತ್ತೆ ನರ್ಸ್ ಅಕ್ಕ. ಹಾರ್ಮೋನ್ ಚಿಕಿತ್ಸೆಯಿಂದ ಕೆಲವರ ಚರ್ಮ ಸುಧಾರಿಸುವುದು ಹೌದು, ಆದರೆ ಬರೀ ಚರ್ಮಕ್ಕೋಸ್ಕರ ಅದನ್ನು ಕೊಡುವುದಿಲ್ಲ. ಹಾಟ್ ಫ್ಲ್ಯಾಶ್, ನಿದ್ದೆಗೇಡು ತಡೆಯಲಾರದಷ್ಟು ಇದ್ದರೆ ಸ್ತ್ರೀರೋಗ ತಜ್ಞರ ಹತ್ತಿರ ಮಾತಾಡಿ. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ ಹಿನ್ನೆಲೆ ಇದ್ದರೆ ಮೊದಲೇ ತಿಳಿಸಬೇಕು. ಬಯೋಟಿನ್ ಕೊರತೆ ಇಲ್ಲದವರಿಗೆ ಆ ಮಾತ್ರೆಯಿಂದ ಹೆಚ್ಚೇನೂ ಆಗದು. ಅದರ ತಂಟೆ ಇರುವುದು ಪರೀಕ್ಷೆಯಲ್ಲಿ: ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ಥೈರಾಯ್ಡ್ ಪರೀಕ್ಷೆಯ ಅಂಕಿ ತಪ್ಪಾಗಿ ಬರಬಹುದು, ಹೃದಯಾಘಾತ ಪತ್ತೆಗೆ ಮಾಡುವ ಟ್ರೋಪೋನಿನ್ ಪರೀಕ್ಷೆಯೂ ಏರುಪೇರಾಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ರಕ್ತ ಕೊಡುವ ಮುಂಚೆ ಡಾಕ್ಟರಿಗೂ ಲ್ಯಾಬಿನವರಿಗೂ ಈ ಮಾತ್ರೆಯ ವಿಷಯ ಹೇಳಿ, ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಅವರೇ ತಿಳಿಸುತ್ತಾರೆ.