ಹವಾಯಿಗೆ ಹೊಂಟೀನಿ, ಕೈಗೆಲಸ ನೋಡಾಕ ಯಾವ ಮ್ಯೂಸಿಯಂ ಬಿಡಬಾರದು?

ಕೊಂಡಿಸೆರಗು, ಇಳಕಲ್

ಎಲ್ಲಾರಿಗೂ ಶರಣ್ರಿ. ಮೂವತ್ತೈದು ವರ್ಷದಿಂದ ಕುಣಿಮಗ್ಗದ ಮ್ಯಾಲೆ ಸೀರಿ ನೇಯಾಕಿ ನಾನು. ಮಗ ಹೊನೊಲುಲುದಾಗ ಕೆಲಸಕ್ಕದಾನ, ಮುಂದಿನ ತಿಂಗಳ ಅಲ್ಲಿಗೆ ಹೊಂಟೀನಿ. ಅವನಿಗೆ ಸೂಟಿ ಇರೂದು ನಾಕ ದಿನ ಅಷ್ಟ. ಫೋನಿನಾಗ ಬರೇ ಸಮುದ್ರದಂಡಿ ಫೋಟೋ ಕಳಸ್ತಾನ. ಸಮುದ್ರ ಬ್ಯಾಡ ಅನ್ನೂದಿಲ್ಲ ನಾ. ಆದ್ರ ಮಗ್ಗನ ಇಲ್ಲದ ನಾಡಾಗ ಆ ಮಂದಿ ಏನ ಉಡತಿದ್ರು, ಹೆಂಗ ಮಾಡತಿದ್ರು, ಅದನ್ನ ಕಣ್ಣಾರೆ ನೋಡಬೇಕು. ಬಾದಾಮಿ ಮ್ಯೂಸಿಯಂಗೆ ಹ್ವಾದ್ರೂ ನಾ ಮೂರ್ತಿ ಮಖಕ್ಕಿಂತ ಸೊಂಟದ ನಿರಿಗಿ ನೋಡ್ಕೋತ ನಿಂತಿರ್ತೀನಿ. ಮೊಣಕಾಲ ನೋವೈತಿ, ಭಾಳ ನಡಿಯೂದಾಗೂದಿಲ್ಲ. ನೋಡಿ ಬಂದವರು ಯಾರರ ಇದ್ರ ಹೇಳ್ರಿ.

ಟಿಳಕವಾಡಿ ಓದುಗ, ಬೆಳಗಾವಿ

ಅಕ್ಕಾರೆ, ನಾನು ಅಲ್ಲಿ ಮೂರು ವರ್ಷ ಇದ್ದೆ. ಮೊದಲ ಇಡೀ ದಿನ ಬಿಷಪ್ ಮ್ಯೂಸಿಯಂಗೆ ಕೊಡಿ. ರಾಜಕುಮಾರಿ ಬರ್ನಿಸ್ ಪವಾಹಿ ನೆನಪಿಗೆ ಅವರ ಪತಿ 1889ರಲ್ಲಿ ಕಟ್ಟಿಸಿದ್ದು. ಹವಾಯಿಯನ್ ಹಾಲ್ ಮೂರಂತಸ್ತು, ಲಿಫ್ಟ್ ಇದೆ.

ನೀವು ಹುಡುಕುವ ಬಟ್ಟೆಯ ಹೆಸರು ಕಾಪಾ. ನೂಲಿಲ್ಲ, ಹಾಸಿಲ್ಲ, ಹೊಕ್ಕಿಲ್ಲ. ವೌಕೆ ಎಂಬ ಗಿಡದ ಒಳತೊಗಟೆಯನ್ನು ನೆನೆಹಾಕಿ, ಮರದ ಕೊಡತಿಯಿಂದ ಬಡಿದು ಬಡಿದು ಹಾಳೆಯಂತೆ ಹರಡುತ್ತಾರೆ. ಕೊಡತಿಯ ಮೈಮೇಲೆ ಗೆರೆ ಕೆತ್ತಿರುತ್ತಾರೆ; ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಆ ಗೆರೆಗಳು ಒಳಗೇ ಮೂಡಿರುವುದು ಕಾಣುತ್ತದೆ. ಬಣ್ಣಕ್ಕೆ ನೋನಿ ಗಿಡ. ಇಲ್ಲಿ ಅಂಗಡಿಯಲ್ಲಿ ಅದರ ರಸ ಮಾರುತ್ತಾರಲ್ಲ, ಅದೇ. ಬೇರಿನಿಂದ ಹಳದಿ, ತೊಗಟೆಯಿಂದ ಕೆಂಪು. ಮಿಲ್ ಬಟ್ಟೆ ಬಂದ ಮೇಲೆ ಈ ಕೆಲಸ ಅಳಿದೇ ಹೋಗಿತ್ತು. 1970ರ ದಶಕದಲ್ಲಿ ಕೆಲವರು ಹಳೆಯ ತುಂಡುಗಳನ್ನು ನೋಡಿ ನೋಡಿ ಮತ್ತೆ ಕಲಿತರು. ಇದನ್ನು ಓದಿದಾಗ ನನಗೆ ಗುಳೇದಗುಡ್ಡದ ಖಣದ ಮಗ್ಗಗಳು ನೆನಪಾಗಿ ಸಂಕಟವಾಗಿತ್ತು.

ಅರಸರ ಗರಿಯ ನಿಲುವಂಗಿಗಳೂ ಅಲ್ಲಿವೆ. ಒಲೊನಾ ಎಂಬ ಗಿಡದ ನಾರಿನ ಬಲೆಗೆ ಹಕ್ಕಿಯ ಪುಟ್ಟ ಗರಿಗಳನ್ನು ಗೊಂಚಲು ಗೊಂಚಲಾಗಿ ಕಟ್ಟಿದ್ದು. ಒಂದನೇ ಕಮೆಹಮೆಹಾ ದೊರೆಯದಕ್ಕೆ ಅಂದಾಜು 4,50,000 ಗರಿ ಹಿಡಿದಿವೆ, ಮಾಮೊ ಎಂಬ ಹಕ್ಕಿಯವು. ಆ ಹಕ್ಕಿ ಈಗ ಭೂಮಿಯ ಮೇಲಿಲ್ಲ. ಯಾವುದು ಪ್ರದರ್ಶನದಲ್ಲಿದೆ ಎಂದು ಹೋಗುವ ಮುನ್ನ ಕೇಳಿಕೊಳ್ಳಿ.

ಎರಡನೇ ದಿನ ಇಯೊಲಾನಿ ಅರಮನೆ. 1893ರಲ್ಲಿ ರಾಣಿ ಲಿಲಿಉಒಕಲಾನಿಯವರ ರಾಜ್ಯ ಕಿತ್ತುಕೊಂಡರು, 1895ರಲ್ಲಿ ಅವರದೇ ಅರಮನೆಯ ಮಹಡಿ ಕೋಣೆಯಲ್ಲಿ ತಿಂಗಳುಗಟ್ಟಲೆ ಕೂಡಿಹಾಕಿದರು. ಅಲ್ಲಿ ಕೂತು ರಾಣಿ ರೇಷ್ಮೆಯ ತುಂಡುಗಳನ್ನು ಜೋಡಿಸಿ ಹೊಲೆಯತೊಡಗಿದ ಹೊದಿಕೆ ಅಲ್ಲಿದೆ. ನಮ್ಮ ಕೌದಿಯೇ ಅನ್ನಿ. ತಾವು ಅಲ್ಲಿ ಸೆರೆಯಲ್ಲಿದ್ದ ಮಾತನ್ನು ನಡುವಿನ ಚೌಕದಲ್ಲಿ ದಾರದಿಂದಲೇ ಬರೆದಿದ್ದಾರೆ.

ನವನಗರ, ಬಾಗಲಕೋಟೆ

ಲಾಯಿಯೆಯ ಪಾಲಿನೇಷಿಯನ್ ಕಲ್ಚರಲ್ ಸೆಂಟರ್ ಬಿಡಬ್ಯಾಡ್ರಿ. 1963ರಿಂದ ಐತಿ. ಸಮೋವಾ, ಟೋಂಗಾ, ಫಿಜಿ, ಎಲ್ಲಾ ದ್ವೀಪದ ಹಳ್ಳಿ ಮಾಡ್ಯಾರ, ಕುಣಿತ ಅಂದ್ರ ಕುಣಿತ! ನಾವು ಮಕ್ಕಳ ಜೋಡಿ ಹೋಗಿದ್ವಿ, ರಾತ್ರಿತನಕ ಎದ್ದು ಬರಲಿಲ್ಲ.

ಟಿಳಕವಾಡಿ ಓದುಗ, ಬೆಳಗಾವಿ

ಮಕ್ಕಳಿದ್ದರೆ ಖಂಡಿತ ಹೋಗಬೇಕು. ಆದರೆ ಅಲ್ಲಿ ಇಡೀ ದಿನ ನಡೆಯುವುದಿದೆ. ಅಕ್ಕನ ಮೊಣಕಾಲಿಗೆ, ಅವರು ಕೇಳಿದ ಪ್ರಶ್ನೆಗೆ, ಅದು ಮೊದಲ ಆಯ್ಕೆ ಅಲ್ಲ ಅಂತ ನನ್ನ ಅನಿಸಿಕೆ.

ಎರೆಹೊಲ, ವಿಜಯಪುರ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವ. ಒಂದು ದಿನವಾದರೂ ವಿಮಾನ ಹತ್ತಿ ಹವಾಯಿಯ ದ್ವೀಪಗಳಲ್ಲೇ ದೊಡ್ಡದಾದ ದ್ವೀಪಕ್ಕೆ ಹೋಗಿ ಕಿಲಾವೆಯಾ ಜ್ವಾಲಾಮುಖಿ ನೋಡಿ. ಅದು ಪೆಲೆ ದೇವಿಯ ಮನೆ ಎಂದು ಅಲ್ಲಿನವರು ನಂಬುತ್ತಾರೆ. ಕುಂಡದ ಅಂಚಿನ ತನಕ ಕಾರು ಹೋಗುತ್ತದೆ. ಹಗ್ಗದ ಸುರುಳಿಯಂತೆ ಹೆಪ್ಪುಗಟ್ಟಿದ ಲಾವಾಕ್ಕೆ ಅವರ ಮಾತಿನಲ್ಲಿ ಪಹೊಯ್‌ಹೊಯ್, ಚೂಪು ಹೆಂಟೆಯಂಥದ್ದಕ್ಕೆ ಆ-ಆ. ಜಗತ್ತಿನ ಭೂವಿಜ್ಞಾನಿಗಳೆಲ್ಲ ಇದೇ ಎರಡು ಪದ ಬಳಸುತ್ತಾರೆ, ನಮ್ಮ ದಖ್ಖನ್ ಕಲ್ಲಿಗೂ. ಗೋಳಗುಮ್ಮಟದ ಕಪ್ಪು ಕಲ್ಲು, ಅದು ಸವೆದು ಆದ ನಮ್ಮ ಎರೆಮಣ್ಣು, ಎರಡೂ ಸುಮಾರು 6.6 ಕೋಟಿ ವರ್ಷದ ಹಿಂದೆ ಅಲ್ಲಿಯಂತೆಯೇ ಹರಿದ ಲಾವಾ. ನಮ್ಮ ಹೊಲ ಹುಟ್ಟುವಾಗ ಹೆಂಗಿತ್ತು ಅನ್ನುವುದನ್ನು ಅಲ್ಲಿ ಕಾಣಬಹುದು.

ಕೊಂಡಿಸೆರಗು, ಇಳಕಲ್

ಭಾಳ ಉಪಕಾರ ಆತ್ರಿ. ಎರಡು ದಿನ ಮ್ಯೂಸಿಯಂ, ಒಂದು ಅರಮನಿ, ಒಂದು ಜ್ವಾಲಾಮುಖಿ. ಮಗಗ ಈಗ ಹೇಳಿದೆ, ಹ್ಞೂಂ ಅಂದ. ಮ್ಯೂಸಿಯಂಗೆ ಎರಡು ದಿನ ಯಾಕಂದ್ರ, ಆ ಕೊಡತಿ ಗೆರಿ ನಾ ಒಂದ ಸಲಕ್ಕ ನೋಡಿ ಮುಗಸೂದಿಲ್ಲ.

ಆ ರಾಣಿ ಕೌದಿ ಸುದ್ದಿ ಓದಿ ರಾತ್ರಿ ನಿದ್ದಿ ಬರಲಿಲ್ಲ. ನಮ್ಮವ್ವ ಕಡೀ ವರ್ಷ ಹಾಸಿಗಿ ಹಿಡಿದಾಗ ತನ್ನ ಹಳೀ ಸೀರಿ ಎಲ್ಲಾ ಕೂಡಿಸಿ ಒಂದು ಕೌದಿ ಹೊಲದಿದ್ಲು. ಒಂದು ಮೂಲಿ ಹಂಗ ಉಳದೈತಿ. ಟಿಳಕವಾಡಿ ಅಣ್ಣಾರ, ಆ ಕ್ವಾಣ್ಯಾಗ ಕೌದಿ ಎದುರಿಗೆ ಸ್ವಲ್ಪ ಹೊತ್ತು ನಿಲ್ಲಾಕ ಬಿಡ್ತಾರೋ, ಮುಂದ ಮುಂದ ಅಂತ ಕಳಸ್ತಾರೋ? ಅದೊಂದು ಹೇಳ್ರಿ.