ಗುಲಾಬಿ ಗಂಧದ ಹಳೇ ಶೈಲಿ ನಶ್ಯ: ಘಮ ಎರಡೇ ದಿನ, ಆಮೇಲೆ ಬರೀ ಘಾಟು. ತಪ್ಪೆಲ್ಲಿ?

ಹೊಸಚಿಟಿಕೆ (ಪ್ರಶ್ನೆ)

ಮಕೂಬಾ (ಗುಲಾಬಿ ಗಂಧದ ಒಂದು ಹಳೇ ನಶ್ಯ) ಮಾದರಿಯ ನಶ್ಯ, 25 ಗ್ರಾಂ ತಗಡಿನ ಡಬ್ಬಿ. ಪುಡಿ ತರಿತರಿ, ಕಡುಕಂದು, ಬೆರಳಿಗೆ ತೇವ ತಾಕುವಂಥದ್ದು. ಮುಚ್ಚಳ ತೆಗೆದ ದಿನ ಮೊದಲು ಗುಲಾಬಿ, ಅದರ ಬೆನ್ನಿಗೇ ಒಣಹುಲ್ಲಿನಂಥ ಸಿಹಿವಾಸನೆ. ಮೂರನೇ ದಿನಕ್ಕೆ ಗುಲಾಬಿ ಮಾಯ. ಈಗ ಒಂದು ವಾರ ಆಗಿದೆ, ಘಾಟು ಬಿಟ್ಟರೆ ಏನೂ ಇಲ್ಲ.

ಏರಿಸಿದ ತಕ್ಷಣ ಕಣ್ಣಲ್ಲಿ ನೀರು, ಎರಡು ಮೂರು ಸೀನು. ಅರ್ಧ ನಿಮಿಷದಲ್ಲಿ ಗಂಟಲಿಗೆ ಕಹಿ ಇಳಿಯುತ್ತೆ. ಘಮ ಅಂತ ಸ್ವಲ್ಪವಾದರೂ ಸಿಗೋದು ಡಬ್ಬಿಗೆ ಮೂಗಿಟ್ಟಾಗ ಮಾತ್ರ. ಪುಡಿಯ ಮೇಲೆ ಅಲ್ಲಲ್ಲಿ ಬಿಳಿ ಚುಕ್ಕೆ ಬೇರೆ ಕಾಣಿಸ್ತಿದೆ. ನಾಲ್ಕು ಹನಿ ನೀರು ಚಿಮುಕಿಸಿದರೆ ಸರಿಹೋಗುತ್ತಾ? ಗುಲಾಬಿ ಅತ್ತರು ಸೇರಿಸಬಹುದಾ?

ರಾಪೀರಾಯ

ನೀರು, ಅತ್ತರು ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಏರಿಸೋ ರೀತಿ ಸರಿಮಾಡಿಕೊಳ್ಳಿ. ಕಣ್ಣೀರು, ಸೀನು, ಗಂಟಲ ಕಹಿ ಮೂರೂ ಒಂದೇ ತಪ್ಪಿನ ಮಕ್ಕಳು: ಜೋರಾಗಿ ಎಳೀತಿದ್ದೀರಿ.

ನಶ್ಯ ಕೂರಬೇಕಾದ್ದು ಹೊಳ್ಳೆಯ ಬಾಯಿಂದ ಒಂದು, ಒಂದೂವರೆ ಸೆಂಟಿಮೀಟರ್ ಒಳಗೆ, ಅಷ್ಟೇ. ವಾಸನೆ ಹಿಡಿಯೋ ನರಗಳಿರೋದು ಮೂಗಿನ ಮೇಲ್ಛಾವಣಿಯಲ್ಲಿ. ಪುಡಿ ಅಲ್ಲಿಗೆ ಹೋಗಬೇಕಾಗಿಲ್ಲ, ಹೋಗಲೂಬಾರದು. ಮುಂದೆ ಕೂತ ಪುಡಿ ಮೈಬಿಸಿಗೆ ಬೆಚ್ಚಗಾಗಿ ಗಂಧ ಬಿಡುತ್ತೆ, ಮೆಲ್ಲಗೆ ಉಸಿರಾಡಿದಾಗ ಆ ಗಂಧ ಮಾತ್ರ ಮೇಲಕ್ಕೆ ಹೋಗುತ್ತೆ. ಜೋರಾಗಿ ಎಳೆದರೆ ಪುಡಿಯೇ ಹಾರಿ ಮೂಗಿನ ಹಿಂದಕ್ಕೆ ಬಿದ್ದು ಗಂಟಲಿಗೆ ಜಾರುತ್ತೆ. ಗುಲಾಬಿಗೆ ಅರಳೋಕೆ ಸಮಯವೇ ಸಿಗಲ್ಲ.

ಮೂಗು ಸೀಟಿ ಖಾಲಿ ಮಾಡಿಕೊಳ್ಳಿ. ಒಂದೊಂದು ಹೊಳ್ಳೆಗೆ ಬೆಂಕಿಕಡ್ಡಿಯ ತಲೆಯಷ್ಟು ಸಾಕು. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಡಬ್ಬಿಯ ಮೇಲೇ ಒಂದೆರಡು ಸಲ ಹೊಸಕಿ, ಉಂಡೆ ಒಡೆಯುತ್ತೆ, ಹೆಚ್ಚಾದದ್ದು ಒಳಗೇ ಉದುರುತ್ತೆ. ಚಿಟಿಕೆಯನ್ನ ಹೊಳ್ಳೆಯ ಅಂಚಿಗೆ ತಂದು, ಬಾಯಿ ತುಸು ತೆರೆದಿಟ್ಟು, ಹೂ ಮೂಸುವಾಗ ಎಳೆಯೋವಷ್ಟೇ ಎಳೆಯಿರಿ. ಬಾಯಿ ತೆರೆದಿದ್ದರೆ ಮೂಗಿನ ಸೆಳೆತ ತಾನೇ ಕಮ್ಮಿಯಾಗುತ್ತೆ. ಅರ್ಧ ಪುಡಿ ಬೆರಳಲ್ಲೇ ಉಳಿದರೂ ಚಿಂತೆಯಿಲ್ಲ, ಇನ್ನೊಂದು ಸಲ ಮೂಸಿ. ಮೊದಲು ಚುರುಕು ತಾಗುತ್ತೆ, ಆಗ ಏನೂ ಮಾಡದೆ ಸುಮ್ಮನಿರಿ. ಚುರುಕು ಇಳಿಯೋ ಹೊತ್ತಿಗೆ ಗಂಧ ಏಳುತ್ತೆ. ಹತ್ತು ನಿಮಿಷದ ಮೇಲೆ ಕರವಸ್ತ್ರಕ್ಕೆ ಸೀಟಿ ತೆಗೆಯಿರಿ. ಹಿಂದಕ್ಕೆ ಎಳೆದುಕೊಂಡು ನುಂಗಿದರೆ ಹೊಟ್ಟೆ ತೊಳಸುತ್ತೆ, ಕೆಲವರಿಗೆ ಬಿಕ್ಕಳಿಕೆ. ಕರವಸ್ತ್ರ ಗಾಢಬಣ್ಣದ್ದಿರಲಿ, ಹಳೇ ಕಾಲದ ನಶ್ಯದವರು ಬಣ್ಣಬಣ್ಣದ ದೊಡ್ಡ ಕರವಸ್ತ್ರ ಹಿಡಿದದ್ದು ಶೋಕಿಗಿಂತ ಹೆಚ್ಚಾಗಿ ಕಲೆ ಮುಚ್ಚೋಕೆ.

ಮುಂಗೈ ಮೇಲಿಟ್ಟು ಏರಿಸೋ ಕ್ರಮವೂ ಇದೆ. ಹೆಬ್ಬೆರಳನ್ನ ಹಿಗ್ಗಿಸಿದಾಗ ಅದರ ಬುಡದಲ್ಲಿ ಬೀಳೋ ಗುಳಿಗೆ ವೈದ್ಯಕೀಯದಲ್ಲಿ ಇವತ್ತಿಗೂ ನಶ್ಯದ ಡಬ್ಬಿ ಅಂತಲೇ ಹೆಸರು. ಆದರೆ ಅದು ನುಣ್ಣನೆ ಒಣ ನಶ್ಯಕ್ಕೆ, ಹೈ ಡ್ರೈ ಟೋಸ್ಟ್‌ನಂಥದಕ್ಕೆ ಸರಿ. ನಿಮ್ಮದರಂಥ ತರಿತರಿ ಒದ್ದೆ ನಶ್ಯ, ಅಂದರೆ ರಾಪೀ, ಅಲ್ಲಿಂದ ಇಡೀ ಗುಪ್ಪೆಯಾಗಿ ಒಂದೇ ಸಲಕ್ಕೆ ಎದ್ದು ಬರುತ್ತೆ. ನಿಮ್ಮದಕ್ಕೆ ಚಿಟಿಕೆಯೇ ವಾಸಿ.

ಒಂದು ಹೊಳ್ಳೆಯಲ್ಲಿ ಘಮ, ಇನ್ನೊಂದರಲ್ಲಿ ಬರೀ ಉರಿ ಅಂದರೆ ಗಾಬರಿ ಬೇಡ. ಹೊಳ್ಳೆಗಳು ಕೆಲವು ಗಂಟೆಗೊಮ್ಮೆ ಸರದಿ ಮೇಲೆ ಬಿಗಿಯಾಗಿ ಸಡಿಲಾಗುತ್ತವೆ. ಬಿಗಿಯಾದ ಕಡೆಗೆ ಬಲವಂತ ಮಾಡಬೇಡಿ. ಹತ್ತು ನಿಮಿಷಕ್ಕೊಮ್ಮೆ ಏರಿಸಿದರೂ ಗಂಧ ಸಿಗಲ್ಲ, ಮೂಗು ಅದಕ್ಕೆ ಒಗ್ಗಿಬಿಟ್ಟಿರುತ್ತೆ, ನಿಕೋಟಿನ್ ಮಾತ್ರ ಏರುತ್ತೆ.

ಡಬ್ಬಿಶೆಟ್ಟಿ

ಬಿಳಿ ಚುಕ್ಕೆಯ ವಿಷಯ ಮೊದಲು ತೀರ್ಮಾನವಾಗಲಿ. ಅದು ಬೂಷ್ಟಾಗಿದ್ದರೆ ಮಿಕ್ಕ ಮಾತೆಲ್ಲ ದಂಡ.

ನಶ್ಯಕ್ಕೆ ತಯಾರಿಕೆಯಲ್ಲೇ ಉಪ್ಪು ಸೇರಿಸಿರುತ್ತಾರೆ, ತೇವ ಹಿಡಿದಿಡಲು ಮತ್ತು ಕೆಡದಿರಲು. ಪುಡಿ ಒಣಗಿದಾಗ ಆ ಉಪ್ಪು ಹರಳುಗಟ್ಟಿ ಮೇಲೆ ಕಾಣಿಸುತ್ತದೆ. ಬೆಳಕಿಗೆ ಹಿಡಿದರೆ ಮಿನುಗುತ್ತದೆ, ಬೆರಳಲ್ಲಿ ಒತ್ತಿದರೆ ಕರಕರ ಎನ್ನುತ್ತದೆ, ಒಂದು ಹನಿ ನೀರಲ್ಲಿ ಕರಗುತ್ತದೆ. ಬೂಷ್ಟು ಮಿನುಗುವುದಿಲ್ಲ. ಹತ್ತಿಯ ಎಳೆಯಂತೆ ಪುಡಿಯಿಂದ ಪುಡಿಗೆ ಹಬ್ಬಿರುತ್ತದೆ, ಮುಗ್ಗಲು ವಾಸನೆ ಇರುತ್ತದೆ. ಬೂಷ್ಟಾದರೆ ಮೇಲಿನದನ್ನು ಮಾತ್ರ ಕೆರೆದು ತೆಗೆದು ಉಳಿಸಿಕೊಳ್ಳುವ ಜಿಪುಣತನ ಬೇಡ, ಇಡೀ ಡಬ್ಬಿ ಎಸೆಯಿರಿ. ಮೂಗಿಗೆ ಹಾಕುವ ವಸ್ತು.

ಉಪ್ಪೇ ಆಗಿದ್ದರೆ ರೋಗ ಇಷ್ಟೇ: ಒಣಗಿದೆ. ಮುಚ್ಚಳ ಸಡಿಲವಿರುವ ತಗಡಿನ ಡಬ್ಬಿಯಲ್ಲಿ ತೇವ ಹೋಗುವಾಗ ಅದರ ಜೊತೆಗೇ ಗುಲಾಬಿಯ ಹಗುರ ಅಂಶಗಳೂ ಹೋಗುತ್ತವೆ. ನೀವು ಹೇಳಿದ ಒಣಹುಲ್ಲಿನ ವಾಸನೆ ಟೊಂಕಾ ಎಂಬ ಸುವಾಸನೆಯ ಬೀಜದ್ದು, ನಿಧಾನಕ್ಕೆ ಆರುವಂಥದ್ದು, ಅದು ಕೊಂಚ ಹೆಚ್ಚು ದಿನ ನಿಲ್ಲುತ್ತದೆ. ನಶ್ಯಕ್ಕೆ ಸೋಡಿಯಂ ಕಾರ್ಬೊನೇಟಿನಂಥ ಕ್ಷಾರ ಸೇರಿಸುವುದು ನಿಕೋಟಿನ್ ಬೇಗ ಬಿಡುಗಡೆಯಾಗಲಿ ಎಂದು. ಘಾಟು ಅದರ ಕೊಡುಗೆ. ಹೊಸದಿದ್ದಾಗಲೂ ಅದು ಅಲ್ಲೇ ಇತ್ತು, ಗುಲಾಬಿ ಮುಚ್ಚಿಟ್ಟಿತ್ತು. ಸಾಲದ್ದಕ್ಕೆ ಒಣಪುಡಿ ಹಗುರ, ಹಾರಿ ಹಿಂದಕ್ಕೆ ಹೋಗುತ್ತದೆ. ರಾಪೀರಾಯರು ಹೇಳಿದ ಸೀನಿಗೆ ಇದೂ ಒಂದು ಕಾರಣ.

ನೀರು ಚಿಮುಕಿಸಬೇಡಿ. ಹನಿ ಬಿದ್ದಲ್ಲಿ ಕೆಸರು, ಪಕ್ಕದಲ್ಲಿ ಮರಳು ಎಂಬಂತಾಗುತ್ತದೆ, ಬೂಷ್ಟು ಶುರುವಾಗುವುದು ಆ ಕೆಸರಲ್ಲೇ. ನಶ್ಯವನ್ನು ಅಗಲ ಬಾಯಿಯ ಗಾಜಿನ ಭರಣಿಗೆ ಸುರಿಯಿರಿ, ಅರ್ಧ ಮಾತ್ರ ತುಂಬಿರಲಿ. ಚಿಕ್ಕ ಹತ್ತಿಯುಂಡೆಗೆ ಬಟ್ಟಿ ಇಳಿಸಿದ ನೀರು ಐದಾರು ಹನಿ ಹಾಕಿ ಹಿಂಡಿ, ಪುಡಿಗೆ ತಾಗದಂತೆ ಒಂದು ಪುಟ್ಟ ಬಟ್ಟಲಲ್ಲಿಟ್ಟು ಭರಣಿಯೊಳಗೆ ಇಳಿಸಿ ಮುಚ್ಚಿ. 12 ಗಂಟೆಗೊಮ್ಮೆ ಭರಣಿ ಅಲುಗಿಸಿ ನೋಡಿ. ಚಿಟಿಕೆ ಹಿಡಿದಾಗ ಒಟ್ಟುಗೂಡಬೇಕು, ಬೆರಳು ಬಿಟ್ಟೊಡನೆ ಉದುರಬೇಕು. ಉದುರದಿದ್ದರೆ ಹೆಚ್ಚಾಯಿತು, ಒಂದು ಗಂಟೆ ಮುಚ್ಚಳ ತೆಗೆದಿಡಿ. ಸಾಮಾನ್ಯವಾಗಿ ಒಂದರಿಂದ ಎರಡು ದಿನ ಹಿಡಿಯುತ್ತದೆ. ತೇವ ವಾಪಸ್ ಬಂದಷ್ಟು ಗುಲಾಬಿ ವಾಪಸ್ ಬರುವುದಿಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ.

ಮುಂದಿನ ಡಬ್ಬಿ ತೆರೆದ ದಿನವೇ ಡಬ್ಬಿ ಸಮೇತ ತೂಗಿ ಅಂಕಿ ಬರೆದಿಡಿ, 0.1 ಗ್ರಾಂ ತೋರಿಸುವ ತಕ್ಕಡಿ ಸಾಕು. ಏರಿಸದೆ ಇಟ್ಟ ಡಬ್ಬಿ ವಾರದಲ್ಲಿ ಒಂದು ಗ್ರಾಂ ಕಳೆದುಕೊಂಡರೆ ಮುಚ್ಚಳ ಸೋರುತ್ತಿದೆ ಎಂದರ್ಥ. ಕುತ್ತಿಗೆಯವರೆಗೆ ತುಂಬುವ ಚಿಕ್ಕ ಗಾಜಿನ ಬಾಟಲಿಗಳಿಗೆ ಹಂಚಿ ಕತ್ತಲಲ್ಲಿಡಿ. ಜೇಬಿನ ಡಬ್ಬಿಗೆ ಎರಡು ದಿನಕ್ಕೆ ಬೇಕಾದಷ್ಟೇ. ಮೆಂಥಾಲ್ ನಶ್ಯ ಮನೆಯಲ್ಲಿದ್ದರೆ ಬೇರೆ ಕಪಾಟಿಗೆ ಸಾಗಿಸಿ, ಒಂದೇ ರಾತ್ರಿಯಲ್ಲಿ ಗುಲಾಬಿಯನ್ನು ನುಂಗಿಹಾಕುತ್ತದೆ. ಫ್ರಿಜ್ ಬೇಡ.

ಜೇಬಿನ ಡಬ್ಬಿ ಕೊಳ್ಳುವುದಾದರೆ ಕೀಲು ನೋಡಿ ಕೊಳ್ಳಿ. ಸ್ಕಾಟ್ಲೆಂಡಿನ ಲಾರೆನ್ಸ್‌ಕರ್ಕ್ ಡಬ್ಬಿಗಳಲ್ಲಿ ಕೀಲನ್ನು ಅದೇ ಮರದಲ್ಲಿ ಕೆತ್ತಿ ಒಳಗೆ ಅಡಗಿಸಿರುತ್ತಾರೆ. ಪುಡಿ ಸೋರದು, ತೇವವೂ ಬೇಗ ಹೋಗದು. ಬೆಳ್ಳಿಯದಾದರೆ ಒಳಗೆ ಚಿನ್ನದ ನೀರು ಹಿಡಿಸಿರಬೇಕು, ಇಲ್ಲವಾದರೆ ಉಪ್ಪು ಬೆಳ್ಳಿಯನ್ನು ತಿನ್ನುತ್ತದೆ. ಸೀಸದ ಒಳಪದರ ಇರಬಹುದೆನ್ನಿಸುವ ಹಳೇ ಡಬ್ಬಿಯನ್ನು ಶೋಕೇಸಿನಲ್ಲಿಡಿ. ಸೀಸದ ಹಾಳೆಯಲ್ಲಿ ಸುತ್ತಿದ ನಶ್ಯದಿಂದ ಸೀಸದ ವಿಷವೇರಿದ ಪ್ರಕರಣಗಳು 19ನೇ ಶತಮಾನದ ವೈದ್ಯಕೀಯ ದಾಖಲೆಗಳಲ್ಲೇ ಇವೆ. ತೆರೆಯುವ ಮುನ್ನ ಮುಚ್ಚಳದ ಮೇಲೆ ಬೆರಳಿಂದ ಎರಡು ಸಲ ತಟ್ಟುವ ಹಳೇ ರೂಢಿ ಬರೀ ಠೀವಿಯಲ್ಲ, ಮುಚ್ಚಳಕ್ಕೆ ಅಂಟಿದ ಪುಡಿ ಕೆಳಗೆ ಬೀಳುತ್ತದೆ.

ಹೊಸಚಿಟಿಕೆ

ನೋಡಿದೆ, ಮಿನುಗುತ್ತೆ, ನೀರಲ್ಲಿ ಕರಗಿತು. ಉಪ್ಪೇ. ಹತ್ತಿಯುಂಡೆ ಇಟ್ಟಾಯ್ತು. ಮೆಲ್ಲಗೆ ಏರಿಸಿದರೆ ಸೀನು ಬರ್ತಿಲ್ಲ. ಅತ್ತರಿನ ಪ್ರಶ್ನೆ ಹಾಗೇ ಉಳಿದಿದೆ.

ಪುನುಗುಬೆಕ್ಕು

ಅತ್ತರು ಹಾಕಬಹುದು, ಯಾವ ಅತ್ತರು ಎಂಬುದರ ಮೇಲೆ ಎಲ್ಲ ನಿಂತಿದೆ. ಎಣ್ಣೆಯಲ್ಲೋ ಪ್ಯಾರಾಫಿನ್‌ನಲ್ಲೋ ಬೆರೆಸಿ ಮಾರುವ ಅತ್ತರು ಖಂಡಿತ ಬೇಡ. ಆ ಎಣ್ಣೆ ಮೂಗಲ್ಲಿ ಆರುವುದಿಲ್ಲ; ಉಸಿರಿನ ದಾರಿಯಲ್ಲಿ ಶ್ವಾಸಕೋಶಕ್ಕಿಳಿದರೆ ಎಣ್ಣೆಯಿಂದಾಗುವ ನ್ಯುಮೋನಿಯಾ ಎಂಬ ಕಾಯಿಲೆಯೇ ಇದೆ. ಬೇಕಾದ್ದು ಬೆರಕೆಯಿಲ್ಲದ, ಹಬೆಯಲ್ಲಿ ಇಳಿಸಿದ ಗುಲಾಬಿ ತೈಲ. ಅಸಲಿಯಾದರೆ ಸುಮಾರು 20 ಡಿಗ್ರಿಗಿಂತ ತಣ್ಣಗಾದಾಗ ಸೀಸೆಯಲ್ಲೇ ಮಂಜಿನ ಹರಳಿನಂತೆ ಗಟ್ಟಿಯಾಗುತ್ತದೆ, ಅಂಗೈಯಲ್ಲಿ ಹಿಡಿದರೆ ಮತ್ತೆ ಕರಗುತ್ತದೆ.

25 ಗ್ರಾಮಿಗೆ ನೇರವಾಗಿ ಒಂದು ಹನಿ ಹಾಕಿದರೂ ಜಾಸ್ತಿ, ಸಾಬೂನು ಏರಿಸಿದಂತಾಗುತ್ತದೆ. ಒಂದು ಹನಿಯನ್ನು 2 ಮಿಲಿಲೀಟರ್ ಶುದ್ಧ ಈಥೈಲ್ ಆಲ್ಕೊಹಾಲಿನಲ್ಲಿ ಕರಗಿಸಿ. ಗಾಯ ಒರೆಸುವ ಸ್ಪಿರಿಟ್ ನಡೆಯುವುದಿಲ್ಲ. ನಶ್ಯದಿಂದ 2 ಗ್ರಾಂ ಮಾತ್ರ ಬೇರೆ ತೆಗೆದು, ಆ ದ್ರಾವಣದ ಐದು ಹನಿಯನ್ನು ಅದಕ್ಕೆ ಹಾಕಿ ಕಲ್ಲುಬತ್ತಿನಲ್ಲಿ ಮೆಲ್ಲಗೆ ಹೊರಳಿಸಿ, ಅರೆಯಬೇಡಿ. ಕಾಲು ಗಂಟೆಯಲ್ಲಿ ಆಲ್ಕೊಹಾಲ್ ಹಾರಿಹೋಗುತ್ತದೆ. ಈ 2 ಗ್ರಾಮನ್ನು ಮಿಕ್ಕದ್ದರ ಜೊತೆ ಬೆರೆಸಿ, ಮುಚ್ಚಿ, ಎರಡು ವಾರ ಮುಟ್ಟದೆ ಇಡಿ. ಮೊದಲ ದಿನ ಗುಲಾಬಿ ಒಂದು ಕಡೆ ಹೊಗೆಸೊಪ್ಪು ಇನ್ನೊಂದು ಕಡೆ ಎನ್ನಿಸುತ್ತದೆ, ಎರಡೂ ಕೂಡಿಕೊಳ್ಳಲು ಇಷ್ಟು ದಿನ ಬೇಕೇ ಬೇಕು. ಕಡಿಮೆ ಎನಿಸಿದರೆ ಆಮೇಲೆ ಇನ್ನೆರಡು ಹನಿ. ಹೆಚ್ಚಾದದ್ದನ್ನು ಮಾತ್ರ ತೆಗೆಯಲಾಗದು.

ಹಳೇ ಕ್ರಮ ಬೇರೆಯೇ. 1693ರಲ್ಲಿ ಫ್ರೆಂಚ್ ಸುಗಂಧಗಾರ ಬಾರ್ಬ್ ಪ್ರಕಟಿಸಿದ ಪುಸ್ತಕದ ಮುಖಪುಟದಲ್ಲೇ ನಶ್ಯವನ್ನು ಶುದ್ಧಿ ಮಾಡಿ ಪರಿಮಳ ಕೂಡಿಸುವ ವಿದ್ಯೆ ಹೇಳುವುದಾಗಿ ಇದೆ. ಆ ಕಾಲದ ಪದ್ಧತಿ ಹೂವಿನದು: ಪುಡಿಯನ್ನು ತೊಳೆದು ಒಣಗಿಸಿ ಅದರ ಘಾಟು ಇಳಿಸುವುದು, ಆಮೇಲೆ ಒಂದು ಪದರ ಪುಡಿ, ಒಂದು ಪದರ ಹೂ ಹೀಗೆ ಪೆಟ್ಟಿಗೆ ತುಂಬಿ, ಬಾಡಿದ ಹೂ ಜರಡಿ ಹಿಡಿದು ತೆಗೆದು ಹೊಸದು ಹಾಕುವುದು. ಇದನ್ನು ಮಾಡಿನೋಡುವವರಿಗೆ ಒಂದು ಮಾತು. ಮಲ್ಲಿಗೆ ಜಾತಿಯ ಹೂ, ಸುಗಂಧರಾಜ ಇವು ಕೊಯ್ದ ಮೇಲೂ ಗಂಧ ಹುಟ್ಟಿಸುತ್ತಲೇ ಇರುತ್ತವೆ, ಪದರ ಪದ್ಧತಿಗೆ ಒಗ್ಗುತ್ತವೆ. ಗುಲಾಬಿ ಕೊಯ್ದೊಡನೆ ಇಳಿಮುಖ, ಅದಕ್ಕೆ ತೈಲವೇ ಸರಿ. ಹೂವಿನ ತೇವವೆಲ್ಲ ಪುಡಿಗೆ ಬರುವುದರಿಂದ ಒಣಗಿದ ಪುಡಿಯಿಂದ ಶುರುಮಾಡಬೇಕು, ನಡುವೆ ತೆಳು ಮಸ್ಲಿನ್ ಹಾಸಬೇಕು, 24 ಗಂಟೆ ದಾಟಿ ಹೂ ಬಿಡಬಾರದು.

ಒಣಹುಲ್ಲಿನ ಸಿಹಿವಾಸನೆ ಬೇಕಾದರೆ ಒಂದು ಟೊಂಕಾ ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ಭರಣಿಯಲ್ಲಿಡಿ, ತುರಿದು ಬೆರೆಸಬೇಡಿ. ಬೀಜದ ಮೇಲಿನ ಬಿಳಿ ಹರಳು ಬೂಷ್ಟಲ್ಲ, ಆ ವಾಸನೆ ಕೊಡುವ ಕೂಮರಿನ್ ಎಂಬ ವಸ್ತು. ವಯಲೆಟ್ ಹೂವಿನ ಕಂಪಿನ ನಶ್ಯಗಳಲ್ಲಿ ಓರಿಸ್ ಬೇರು, ಅಂದರೆ ಐರಿಸ್ ಗಿಡದ ಬೇರು, ಇರುತ್ತದೆ. ಸುಲಿದು ಒಣಗಿಸಿದ ಬೇರಿಗೆ ಆ ಕಂಪು ಕೂಡಲು ಎರಡು ಮೂರು ವರ್ಷ ಬೇಕು, ಬೆಲೆ ಏರುವುದು ಅದಕ್ಕೇ. ಕೆಲವರಿಗೆ ಅದರ ಪುಡಿ ಅಲರ್ಜಿ.

ಲೇಬಲ್ ಮೇಲೆ 18ನೇ ಶತಮಾನದ ಪಾಕ ಎಂದು ಬರೆದಿದ್ದರೆ ಅರ್ಧ ನಂಬಿ. ಲಂಡನ್ನಿನ ಹೇಮಾರ್ಕೆಟ್‌ನಲ್ಲಿ 1720ರಿಂದ ನಡೆದ ಫ್ರೈಬೋರ್ಗ್ ಅಂಡ್ ಟ್ರೇಯರ್ ಅಂಗಡಿಯ ಹೆಸರಿನ ಮಿಶ್ರಣಗಳು ಅಂಗಡಿ 1981ರಲ್ಲಿ ಮುಚ್ಚಿದ ಮೇಲೂ ಬೇರೆ ಕಡೆ ತಯಾರಾಗುತ್ತ ಬಂದವು, ಆ ಮಟ್ಟಿಗೆ ಪರಂಪರೆ ನಿಜ. ಆದರೆ ಅಂದು ಸುರಿಯುತ್ತಿದ್ದ ಕಸ್ತೂರಿ, ಪುನುಗು, ತಿಮಿಂಗಿಲದಿಂದ ಸಿಗುವ ಅಂಬರ್‌ಗ್ರಿಸ್ ಜಾಗದಲ್ಲಿ ಇಂದು ಹೆಚ್ಚಾಗಿ ಪ್ರಯೋಗಾಲಯದ ಗಂಧ. ನನ್ನ ಮಟ್ಟಿಗೆ ಅದು ದೂರಲ್ಲ. ಪುನುಗು ಹೆಚ್ಚಾದ ನಶ್ಯ ಎಂಥದೆಂದು ನನ್ನ ಹೆಸರಿನ ಪ್ರಾಣಿಯ ಪಂಜರದ ಪಕ್ಕ ನಿಂತವರಿಗೆ ಗೊತ್ತು.

ಮೂಗುದಾಣ

ಎರಡು ತಿದ್ದುಪಡಿ.

ಒಂದು, ಎಲ್ಲರೂ ಪರಿಮಳದಲ್ಲಿ ಮುಳುಗಿದ್ದೀರಿ. ಇದು ಹೊಗೆಸೊಪ್ಪು, ಚಟ ಹತ್ತಿಸುತ್ತದೆ. ನಶ್ಯದವರ ಮೂಗಿನ ಗಡ್ಡೆಗಳ ಬಗ್ಗೆ ಲಂಡನ್ನಿನ ವೈದ್ಯ ಜಾನ್ ಹಿಲ್ 1761ರಲ್ಲೇ ಬರೆದು ಎಚ್ಚರಿಸಿದ್ದ. ಹೊಗೆಯಿಲ್ಲದ ತಂಬಾಕು ಕ್ಯಾನ್ಸರ್‌ಕಾರಕ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ ಇಂದಿನ ನಿಲುವು. ತಂಬಾಕು ಮುಟ್ಟದವರು ಗುಲಾಬಿಯ ಆಸೆಗೆ ಶುರುಮಾಡಬೇಡಿ. ಗರ್ಭಿಣಿಯರು, ಹೃದಯದ ತೊಂದರೆಯವರು, ಆಸ್ತಮಾ ಇರುವವರು ದೂರವಿರಿ. ಮೂಗಲ್ಲಿ ರಕ್ತ, ಒಂದೇ ಕಡೆ ಕಟ್ಟಿಕೊಳ್ಳುವುದು, ಆರದ ಹೊಪ್ಪಳೆ ಎರಡು ವಾರ ದಾಟಿದರೆ ನಶ್ಯ ನಿಲ್ಲಿಸಿ ಇಎನ್‌ಟಿ ವೈದ್ಯರಿಗೆ ತೋರಿಸಿ. ಮೂಗು ಆಗಲೇ ಉರಿಯುತ್ತಿದ್ದರೆ ಮನೆಯಲ್ಲಿ ತೈಲ ಸೇರಿಸುವ ಪ್ರಯೋಗವೂ ಬೇಡ.

ಎರಡು, ಡಬ್ಬಿಶೆಟ್ಟರು ಫ್ರಿಜ್ ಬೇಡವೇ ಬೇಡ ಎಂದದ್ದು ತೆರೆದ ಡಬ್ಬಿಗೆ ಸರಿ. ಸೀಲು ಒಡೆಯದ ಡಬ್ಬಿಯನ್ನು ತಿಂಗಳುಗಟ್ಟಲೆ ಇಡಬೇಕಾದಾಗ ಜಿಪ್ ಚೀಲ ಎರಡು ಪದರ ಹಾಕಿ ಫ್ರಿಜ್‌ನಲ್ಲಿಟ್ಟರೆ ಗಂಧ ಉಳಿಯುತ್ತದೆ. ಕೆಡುವುದು ಹೊರತೆಗೆದ ಗಳಿಗೆಯಲ್ಲಿ: ತಣ್ಣಗಿರುವಾಗಲೇ ಮುಚ್ಚಳ ತೆಗೆದರೆ ಗಾಳಿಯ ತೇವ ಪುಡಿಯ ಮೇಲೆ ಇಳಿದು ಕೂರುತ್ತದೆ. ಚೀಲ ಬಿಚ್ಚದೆ ನಾಲ್ಕೈದು ಗಂಟೆ ಹೊರಗಿಡಿ. ಡಬ್ಬಿಯ ತಳ ಕೈಗೆ ತಣ್ಣಗೆ ತಾಗದಿದ್ದರೆ ತೆರೆಯಬಹುದು.

ಡಬ್ಬಿಶೆಟ್ಟಿ

ಸೀಲು ಒಡೆಯದ್ದಕ್ಕೆ ಒಪ್ಪಿದೆ. ಆದರೆ ಆ ಫ್ರಿಜ್‌ನಲ್ಲಿ ಮೆಂಥಾಲ್ ನಶ್ಯ ಇರಕೂಡದು, ಎರಡು ಪದರವಲ್ಲ ನಾಲ್ಕು ಹಾಕಿದರೂ.