ಗುದ್ದಿಗೆ ಶೇಕಡಾ ಎಷ್ಟು?

"ಫ್ಯೂರಿ ಶೇಕಡಾ 58, ಉಸಿಕ್ ಶೇಕಡಾ 42," ಎಂದು ಪ್ರಸನ್ನ ಮೊಬೈಲನ್ನು ಮೇಜಿನ ಮೇಲೆ ಇಟ್ಟ. ನೋಡದೆ ಇಟ್ಟ. ಚಟ್ನಿಯ ಮೇಲೆ ಇಟ್ಟ.

"ಒರೆಸಿಕೋ," ಎಂದ ಸೀತಾರಾಮು. "ಉಸಿಕ್‌ಗೆ ಚಟ್ನಿ ಹತ್ತಿತು. ಈಗ ಎಷ್ಟಾಯಿತು ನೋಡಿ ಹೇಳು."

2024ರ ಡಿಸೆಂಬರ್ 21, ಶನಿವಾರ. ಧನುರ್ಮಾಸದ ಚಳಿ. ಕಾರಂಜಿ ಆಂಜನೇಯನ ಗುಡಿಯಲ್ಲಿ ಹುಗ್ಗಿ ತಿಂದು, ಅಷ್ಟಕ್ಕೆ ಹೊಟ್ಟೆ ತುಂಬಲಿಲ್ಲ ಅಂತ ಗಾಂಧಿ ಬಜಾರಿನ ದರ್ಶಿನಿಯೊಂದರ ಮುಂದೆ ನಾಲ್ಕು ಜನ ನಿಂತಿದ್ದೆವು. ಗೋಪಿ ಮಂಕಿ ಕ್ಯಾಪ್ ಹಾಕಿದ್ದ. ಅದನ್ನು ತೆಗೆಯದೆ ಇಡ್ಲಿ ತಿನ್ನುವ ಕಲೆ ಬೆಂಗಳೂರಿನಲ್ಲಿ ಅವನೊಬ್ಬನಿಗೇ ಸಿದ್ಧಿಸಿರುವುದು. ಆ ರಾತ್ರಿ ರಿಯಾದ್‌ನಲ್ಲಿ ಹೆವಿವೇಟ್ ಬಾಕ್ಸಿಂಗ್ ಪಟ್ಟಕ್ಕೆ ಉಸಿಕ್ ಮತ್ತು ಫ್ಯೂರಿ ಎರಡನೇ ಸಲ ಎದುರಾಗುವವರಿದ್ದರು. ನಮಗೆ ಅದು ಭಾನುವಾರ ಬೆಳಗಿನ ಜಾವ. ಯಾರು ಗೆಲ್ಲುತ್ತಾರೆ ಅಂತ ಪ್ರಸನ್ನ ಹಾಕಿದ ಲೆಕ್ಕವೇ ಆ 58, 42.

"58ನೇ ವಯಸ್ಸಿನಲ್ಲಿ ಅವನಿಗೆ ಇದೆಲ್ಲಾ ಬೇಕಾ?" ಎಂದ ಗೋಪಿ. "ಹೋದ ತಿಂಗಳು ತಾನೇ ಆ ಯೂಟ್ಯೂಬ್ ಹುಡುಗನ ಕೈಲಿ ಸೋತ. ನಾನು ಎರಡು ಮಸಾಲೆ ದೋಸೆ ಕಳೆದುಕೊಂಡೆ."

"58 ವಯಸ್ಸಲ್ಲ, ಶೇಕಡಾ! ಸೋತವನು ಮೈಕ್ ಟೈಸನ್. ಇವನು ಟೈಸನ್ ಫ್ಯೂರಿ. ಅವನ ಮೇಲಿನ ಅಭಿಮಾನಕ್ಕೆ ಇವನಪ್ಪ ಮಗನಿಗೆ ಆ ಹೆಸರು ಇಟ್ಟ."

"ಓ, ತಾತನ ಹೆಸರು ಇಟ್ಟ ಹಾಗೆ," ಎಂದು ಗೋಪಿ ಸಮಾಧಾನವಾದ.

ಪ್ರಸನ್ನ ಬಿಡಿಸಿ ಹೇಳತೊಡಗಿದ. ಫ್ಯೂರಿ 6 ಅಡಿ 9 ಅಂಗುಲ, ಉಸಿಕ್ 6 ಅಡಿ 3. ಹಿಂದಿನ ದಿನ ತಕ್ಕಡಿ ಹತ್ತಿದಾಗ ಫ್ಯೂರಿ ಬಟ್ಟೆ ಸಮೇತ 281 ಪೌಂಡ್, ಉಸಿಕ್ 226. ಕಾಲಂ, ಬಣ್ಣ, ಬಾಣದ ಗುರುತು ಎಲ್ಲಾ ಹಾಕಿದ್ದ. ಅವನ ಮಗಳ ಮದುವೆ ಖರ್ಚಿಗೂ ಇಷ್ಟು ಚೆಂದದ ಪಟ್ಟಿ ಮಾಡಿರಲಿಲ್ಲ.

"55 ಪೌಂಡ್ ವ್ಯತ್ಯಾಸ ಅಂದರೆ 25 ಕಿಲೋ," ಎಂದ ಸೀತಾರಾಮು. "ಒಂದು ಸೋನಾಮಸೂರಿ ಮೂಟೆ. ಅವನು ಮೂಟೆ ಹೊತ್ತುಕೊಂಡು ಹನ್ನೆರಡು ಸುತ್ತು ಓಡಾಡಬೇಕು. ಇದು ಅವನಿಗೆ ಅನುಕೂಲ ಅಂತ ಯಾಕೆ ಬರೆದೆ?"

"ಗುದ್ದಿಗೆ ತೂಕ ಬರುತ್ತದೆ."

"ಉಸಿರಿಗೂ ಬರುತ್ತದೆ."

"ಮೇ ತಿಂಗಳ ಮ್ಯಾಚ್ ನೋಡಿ. ಒಬ್ಬ ಜಡ್ಜು 115-112 ಉಸಿಕ್‌ಗೆ, ಇನ್ನೊಬ್ಬರು 114-113 ಅವನಿಗೇ, ಮೂರನೆಯವರು 114-113 ಫ್ಯೂರಿಗೆ. ಒಂದು ಸುತ್ತು ಅತ್ತ ಇತ್ತ ಆಗಿದ್ದರೆ..."

"ಆ ಒಂದು ಸುತ್ತು ಒಂಬತ್ತನೆಯದು. ಫ್ಯೂರಿ ಹಗ್ಗಕ್ಕೆ ಜೋತುಬಿದ್ದಿದ್ದ, ರೆಫರಿ ಎಣಿಸುತ್ತಿದ್ದ. ಅದು ಅತ್ತ ಇತ್ತ ಆಗಿದ್ದಲ್ಲ, ಅವನೇ ಅತ್ತ ಇತ್ತ ಆಗಿದ್ದು."

ಇಲ್ಲಿ ಒಂದು ಮಾತು. ಸೀತಾರಾಮುವಿಗೆ ಬಾಕ್ಸಿಂಗ್ ಇಷ್ಟ. ಅವನಿಗೆ ಆಗದಿರುವುದು ಈ ಶೇಕಡಾ. ಈಗೀಗ ಯಾರನ್ನು ಕೇಳಿದರೂ ಶೇಕಡಾದಲ್ಲೇ ಮಾತಾಡುತ್ತಾರೆ. ಕ್ರಿಕೆಟ್ ನೋಡಲು ಕೂತರೆ ಪರದೆಯ ಮೂಲೆಯಲ್ಲಿ ಯಾರು ಗೆಲ್ಲುತ್ತಾರೆ ಅಂತ ಒಂದು ಪಟ್ಟಿ ಏರಿಳಿಯುತ್ತಿರುತ್ತದೆ. ಮಳೆಗೆ ಶೇಕಡಾ, ಸೊಸೆ ಹುಡುಕುವ ಆ್ಯಪಿನಲ್ಲಿ ಜೋಡಿ ಹೊಂದಾಣಿಕೆಗೆ ಶೇಕಡಾ.

"ಜ್ಯೋತಿಷಿಗಳೇ ವಾಸಿ ಕಣಯ್ಯ," ಎಂದ. "ಗಂಡು ಅಂದರೆ ಗಂಡು, ಹೆಣ್ಣು ಅಂದರೆ ಹೆಣ್ಣು. ಹುಟ್ಟಿದ ಮೇಲೆ ಸಿಕ್ಕಿಬೀಳುವ ಧೈರ್ಯವಾದರೂ ಇತ್ತು. ನೀನು 58 ಅಂತೀಯ. ಫ್ಯೂರಿ ಗೆದ್ದರೆ ನಾನು ಹೇಳಿರಲಿಲ್ವಾ ಅಂತೀಯ. ಉಸಿಕ್ ಗೆದ್ದರೆ 42 ಕೂಡ ನಾನೇ ಹೇಳಿದ್ದು ಅಂತೀಯ. ನಿನ್ನನ್ನು ಯಾವ ಕೋರ್ಟಿಗೆ ಎಳೆಯೋಣ?"

ಅಷ್ಟರಲ್ಲಿ ಕೌಂಟರಿನ ಹುಡುಗ ತಟ್ಟೆ ತೆಗೆಯಲು ಬಂದ. "ಖಾರಾಬಾತ್ ಬಿಸಿ ಇದೆಯಾ?" ಎಂದು ಗೋಪಿ ಕೇಳಿದ.

"ಸುಮಾರಾಗಿದೆ ಸಾರ್."

"ಸುಮಾರು ಅಂದರೆ?" ಎಂದ ಸೀತಾರಾಮು. "ಈ ಸಾರ್‌ಗೆ ಶೇಕಡಾದಲ್ಲಿ ಹೇಳಪ್ಪ."

ಹುಡುಗ ಒಂದು ಕ್ಷಣ ಯೋಚಿಸಿದ. "ಅರವತ್ತು, ಸಾರ್. ತುಪ್ಪ ಹಾಕಿದರೆ ಎಪ್ಪತ್ತು."

ಅಲ್ಲಿಂದ ಮುಂದೆ ಯಾವ ಮಾತೂ ಶೇಕಡಾ ಇಲ್ಲದೆ ನಡೆಯಲಿಲ್ಲ. ಬಾತ್‌ನಲ್ಲಿ ಗೋಡಂಬಿ ಸಿಗುವ ಸಂಭವ ಶೇಕಡಾ 4. ಗೋಪಿ ಬಿಲ್ ಕೊಡುವ ಸಂಭವ ಅದಕ್ಕಿಂತ ಕಡಿಮೆ.

ಪ್ರಸನ್ನ ಸೋಲುವ ಜಾಯಮಾನದವನಲ್ಲ. "ಈ ಸಲ ಮೂವರು ಜಡ್ಜುಗಳ ಜೊತೆ ಕೃತಕ ಬುದ್ಧಿಮತ್ತೆಯ ಜಡ್ಜು ಕೂಡ ಅಂಕ ಹಾಕುತ್ತದೆ, ಗೊತ್ತಾ? ಅದರ ತೀರ್ಪು ಗಣನೆಗೆ ಬರುವುದಿಲ್ಲ, ಅಷ್ಟೇ."

"ಆಟಕ್ಕುಂಟು, ಲೆಕ್ಕಕ್ಕಿಲ್ಲ. ನಮ್ಮ ಗೋಪಿಯ ಹಾಗೆ."

"ಆಯಿತು, ನಿನ್ನ ತಕರಾರು ಏನು? ಎರಡನೇ ಮ್ಯಾಚಿಗೆ ಮೊದಲನೆಯದರ ಮಾಹಿತಿ ಎಲ್ಲಾ ಕೈಯಲ್ಲಿ ಇರುತ್ತದೆ. ಅದೇ ಇಬ್ಬರು. ಅದೇ ರಿಂಗು."

"ಅಲ್ಲೇ ನೀನು ಎಡವುವುದು," ಎಂದು ಸೀತಾರಾಮು ಕಾಫಿ ಲೋಟ ಕೆಳಗಿಟ್ಟ. ಕುಡಿಯುತ್ತಿರುವ ಕಾಫಿ ಕೆಳಗಿಟ್ಟನೆಂದರೆ ವಿಷಯ ಗಂಭೀರ. "ಅದೇ ಇಬ್ಬರು ಬರುವುದಿಲ್ಲ. ಸೋತವನು ಒಬ್ಬ ಬರುತ್ತಾನೆ, ಗೆದ್ದವನು ಒಬ್ಬ ಬರುತ್ತಾನೆ. 2019ರ ಜೂನ್‌ನಲ್ಲಿ ಆ್ಯಂಡಿ ರೂಯಿಜ್ ಅಂತ ಒಬ್ಬ ಗುಂಡುಮಟ್ಟ ಮನುಷ್ಯ ಆಂಥನಿ ಜೋಶುವಾನನ್ನು ನ್ಯೂಯಾರ್ಕಿನಲ್ಲಿ ಏಳನೇ ಸುತ್ತಿಗೆ ಮಲಗಿಸಿದ. ಜೋಶುವಾ ಶಿಲ್ಪದ ಹಾಗಿದ್ದ. ಇವನು ಈಗ ತಾನೇ ಊಟದ ಮನೆಯಿಂದ ಎದ್ದು ಬಂದವನ ಹಾಗಿದ್ದ. ಡಿಸೆಂಬರ್‌ನಲ್ಲಿ ರೀಮ್ಯಾಚು. ನಿನ್ನಂಥವರು ಆಗಲೂ ಪಟ್ಟಿ ಹಾಕಿದ್ದರು. ರೂಯಿಜ್ ಏನು ಮಾಡಿದ ಗೊತ್ತಾ? ಗೆದ್ದ ಖುಷಿಯಲ್ಲಿ ಪಾರ್ಟಿ. ಮೂರು ತಿಂಗಳು ಪಾರ್ಟಿ ಮಾಡಿದೆ ಅಂತ ಆಮೇಲೆ ಅವನೇ ಒಪ್ಪಿಕೊಂಡ. ರಿಂಗಿಗೆ ಬರುವಾಗ 15 ಪೌಂಡ್ ಜಾಸ್ತಿ. ಜೋಶುವಾ 10 ಪೌಂಡ್ ಇಳಿಸಿ ಬಂದಿದ್ದ. ಹನ್ನೆರಡು ಸುತ್ತೂ ದೂರದಿಂದಲೇ ತಟ್ಟಿ ತಟ್ಟಿ ಗೆದ್ದ. ನಿನ್ನ ಪಟ್ಟಿಯಲ್ಲಿ ಪಾರ್ಟಿಗೆ ಕಾಲಂ ಎಲ್ಲಿದೆ?"

ಪ್ರಸನ್ನ ನಿಜಕ್ಕೂ ಕಾಲಂ ಹುಡುಕಿದ.

"1997ರಲ್ಲಿ ಟೈಸನ್ ಎರಡನೇ ಸಲ ಹೋಲಿಫೀಲ್ಡ್ ಮುಂದೆ ನಿಂತಾಗ ಕಿವಿ ಕಚ್ಚುವುದಕ್ಕೆ ಯಾರು ಶೇಕಡಾ ಹಾಕಿದ್ದರು? 1936ರಲ್ಲಿ ಹನ್ನೆರಡನೇ ಸುತ್ತಿನವರೆಗೆ ಎಳೆದಾಡಿ ಷ್ಮೆಲಿಂಗ್ ಕೈಲಿ ಬಿದ್ದ ಜೋ ಲೂಯಿ, 1938ರಲ್ಲಿ ಅದೇ ಷ್ಮೆಲಿಂಗನನ್ನು 2 ನಿಮಿಷ 4 ಸೆಕೆಂಡಿನಲ್ಲಿ ಮುಗಿಸಿದ. ಇಲ್ಲಿ ಅಷ್ಟು ಹೊತ್ತಿಗೆ ಟೋಕನ್ ಕೂಡ ಸಿಗುವುದಿಲ್ಲ."

"ಮೊನ್ನೆ ಇವರಿಬ್ಬರೂ ಹನ್ನೊಂದು ನಿಮಿಷ ಮುಖಕ್ಕೆ ಮುಖ ಕೊಟ್ಟು ಗುರಾಯಿಸಿದರಂತೆ," ಎಂದೆ ನಾನು. ಏನಾದರೂ ಹೇಳಬೇಕಿತ್ತು.

"ಅದೇನು ದೊಡ್ಡದು? ನಮ್ಮ ಬೀದಿಯಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ಇಬ್ಬರು ಹನ್ನೊಂದು ವರ್ಷದಿಂದ ಗುರಾಯಿಸುತ್ತಿದ್ದಾರೆ."

"ಭವಿಷ್ಯ ಹೇಳದೆ ಇರಕ್ಕಾಗಲ್ಲ ಬಿಡಿ," ಎಂದ ಗೋಪಿ, ಟೋಪಿಯ ಒಳಗಿನಿಂದ. "2008ರಿಂದ 17 ಐಪಿಎಲ್ ಆಯಿತು. ನಾನು ಇನ್ನೂ ಈ ಸಲ ಕಪ್ ನಮ್ದೇ ಅಂತಲೇ ಹೇಳುತ್ತಿದ್ದೇನೆ."

"ನೀನು ಹೇಳುವುದು ಸರಿ," ಎಂದ ಸೀತಾರಾಮು, ಎಲ್ಲರಿಗೂ ಆಶ್ಚರ್ಯವಾಗುವ ಹಾಗೆ. "ಅದು ಭವಿಷ್ಯ ಅಲ್ಲ, ಆಸೆ. ನಮ್ಮಣ್ಣನೂ ಹಾಗೇ. 1971ರಲ್ಲಿ ಅಲಿ ಫ್ರೇಜಿಯರ್ ಕೈಲಿ ಸೋತ. 1974ರಲ್ಲಿ ಮತ್ತೆ ಆಡುತ್ತಾರೆ ಅಂತ ಪೇಪರಿನಲ್ಲಿ ಬಂತು. ಯಾರೋ ಗೆಲ್ಲೋದು ಅಂತ ಕೇಳಿದರೆ, ಅಲಿ ಅಂತಿದ್ದ. ಅಷ್ಟೇ. ಎಷ್ಟು ಸಲ ಕೇಳಿದರೂ ಅಲಿ. ಫಲಿತಾಂಶ ಬಂದ ಪೇಪರಿಗೆ ಗೇಟಿನ ಹತ್ತಿರ ಇಬ್ಬರೂ ಕಿತ್ತಾಡಿದೆವು. ಅಲಿ ಗೆದ್ದಿದ್ದ, ಪೇಪರ್ ಹರಿದಿತ್ತು."

ನಕ್ಕೆವು. ಅವನೂ ನಕ್ಕ. ಲೋಟದ ತಳದ ಕಾಫಿಯನ್ನು ತಿರುಗಿಸುತ್ತಾ ನಿಂತ.

"ಅಣ್ಣನ ಆಪರೇಷನ್‌ಗೆ ಶೇಕಡಾ 90 ಅಂದಿದ್ದರು," ಎಂದ. "ಹಿಂದಿನ ದಿನ ಕೇರಂ ಆಡಿದ್ದೆವು. ಅವನೇ ಗೆದ್ದ. ನಾನು ಇನ್ನೊಂದು ಆಟ ಅಂದೆ. ಬಂದ ಮೇಲೆ ಆಡೋಣ ಬಿಡೋ, ಶೇಕಡಾ 90 ಗ್ಯಾರಂಟಿ ಅಂತ ಬೋರ್ಡನ್ನು ಹಾಗೇ ಗೋಡೆಗೆ ಒರಗಿಸಿ ಹೋದ."

ಪ್ರಸನ್ನ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಅದಕ್ಕೆ ಚಟ್ನಿ ಇನ್ನೂ ಹತ್ತಿತ್ತು. ಯಾರೂ ಹೇಳಲಿಲ್ಲ. ಗೋಪಿ ಹೋಗಿ ನಾಲ್ಕು ಕಾಫಿಗೆ ಟೋಕನ್ ತಂದ, ತನ್ನ ದುಡ್ಡಿನಲ್ಲಿ.

ಮಾರನೆಯ ದಿನ ಅದೇ ಮೇಜು. ಪ್ರಸನ್ನನ ಕಣ್ಣು ಕೆಂಡವಾಗಿತ್ತು. ಜಾವದವರೆಗೆ ಎದ್ದಿದ್ದ. ಮೂವರು ಜಡ್ಜುಗಳೂ ಮಾತಾಡಿಕೊಂಡವರ ಹಾಗೆ 116-112 ಉಸಿಕ್‌ಗೆ ಕೊಟ್ಟಿದ್ದರು. ಲೆಕ್ಕಕ್ಕಿಲ್ಲದ ಕಂಪ್ಯೂಟರ್ 118-112 ಅಂದಿತ್ತು, ಅದೂ ಉಸಿಕ್‌ಗೇ. ಗೆದ್ದಿದ್ದು ನಾನು ಅಂತ ಫ್ಯೂರಿ ಒಬ್ಬನೇ ಹೇಳುತ್ತಿದ್ದ.

"ನನ್ನ ಪಟ್ಟಿ ತಪ್ಪಲಿಲ್ಲ," ಎಂದ ಪ್ರಸನ್ನ. "42 ಇತ್ತಲ್ಲ, ಅದರೊಳಗೇ ಗೆದ್ದಿದ್ದಾನೆ."

ಸೀತಾರಾಮು ಜಗಳಕ್ಕೆ ಬರುತ್ತಾನೆ ಅಂದುಕೊಂಡೆವು. ಅವನು ಗೋಪಿಯ ಕಡೆ ತಿರುಗಿ, "ಕಾಫಿ ಆದ ಮೇಲೆ ಮನೆಗೆ ಬರುತ್ತೀಯಾ? ಅಟ್ಟದಿಂದ ಕೇರಂ ಬೋರ್ಡು ಇಳಿಸಬೇಕು. ಒಬ್ಬನ ಕೈಲಿ ಆಗುವುದಿಲ್ಲ."

"ಗೆದ್ದಲು ಹಿಡಿದಿರಲ್ವಾ ಇಷ್ಟು ಹೊತ್ತಿಗೆ?" ಎಂದ ಗೋಪಿ.

ಪ್ರಸನ್ನ ಬಾಯಿ ತೆರೆದ.

"ನೀನು ಸುಮ್ನಿರು," ಎಂದ ಸೀತಾರಾಮು. "ನೀನೂ ಬಾ, ಆದರೆ ಸುಮ್ನಿರು."